ಮ್ಯಾಚ್ ರಿಪೋರ್ಟ್ ಓದಿಸಿ ನೋಡಿ

ಹದಿನಾಲ್ಕು-ಹದಿನೈದು ವಯಸ್ಸಿನವರಿಗೆ 'ವಿಮರ್ಶಾತ್ಮಕವಾಗಿ ಓದಿ' ಅಂದರೆ ಆಕಳಿಕೆ ಬರುತ್ತೆ. ಅದೇ ಹುಡುಗರಿಗೆ ಅವರ ಇಷ್ಟದ ಫುಟ್‌ಬಾಲ್ ಟೀಮನ್ನು ಬೈದಿರುವ ಒಂದು ಬರಹ ಕೊಡಿ. "ಇದನ್ನ ಬರೆದವನು ಯಾರು? ಮ್ಯಾಚ್ ನೋಡಿದಾನಾ?" ಅಂತ ತಕ್ಷಣ ಕೇಳ್ತಾರೆ. ಅಂದರೆ ಪ್ರಶ್ನೆ ಕೇಳೋಕೆ ಬರುತ್ತೆ. ಬರದೇ ಇರೋದು, ತಮಗೆ ಹಿತವಾದ ಸುದ್ದಿಗೂ ಅದೇ ಪ್ರಶ್ನೆ ಕೇಳೋದು. ಮನೇಲಿ ತಮ್ಮನೋ ತಂಗಿಯೋ ಇದ್ದರೆ, ಅಥವಾ ನೀವು ಟ್ಯೂಷನ್ ಹೇಳ್ತಿದ್ದರೆ, ಪ್ರಯತ್ನಿಸಿ ನೋಡಿ.

ಅಂಕಿಗಳಿಂದ ಶುರು ಮಾಡಬಹುದು. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಜರ್ಮನಿಗಿಂತ ಬ್ರೆಜಿಲ್ ಬಳಿಯೇ ಚೆಂಡು ತುಸು ಹೆಚ್ಚು ಹೊತ್ತು ಇತ್ತು. ಇಷ್ಟೇ ಹೇಳಿ, ಗೆದ್ದವರು ಯಾರು ಅಂತ ಕೇಳಿ. (ಫುಟ್‌ಬಾಲ್ ಹುಚ್ಚರಿಗೆ ಗೊತ್ತಿರುತ್ತೆ, ಅವರನ್ನ ಸ್ವಲ್ಪ ಸುಮ್ಮನಿರಿಸಿ.) ಜರ್ಮನಿ 7, ಬ್ರೆಜಿಲ್ 1! ಅಂಕಿ ಸುಳ್ಳಲ್ಲ, ಆದರೆ ಅದೊಂದನ್ನೇ ಆರಿಸಿ ಕೊಟ್ಟರೆ ಓದುಗ ದಾರಿ ತಪ್ತಾನೆ.

ಆಮೇಲೆ ಹಿಲ್ಸ್‌ಬರೋ ಕಥೆಗೆ ಬನ್ನಿ. ಇದಕ್ಕೆ ಒಂದಿಡೀ ಗಂಟೆ ಕೊಟ್ಟರೂ ಕಮ್ಮಿಯೇ. 1989ರ ಏಪ್ರಿಲ್ 15, ಇಂಗ್ಲೆಂಡಿನ ಶೆಫೀಲ್ಡ್. ಲಿವರ್‌ಪೂಲ್ ಮತ್ತು ನಾಟಿಂಗ್‌ಹ್ಯಾಮ್ ಫಾರೆಸ್ಟ್ ನಡುವಿನ ಎಫ್.ಎ. ಕಪ್ ಸೆಮಿಫೈನಲ್. ಹೊರಗೆ ನೂಕುನುಗ್ಗಲು ಹೆಚ್ಚಾದಾಗ ಪೊಲೀಸ್ ಅಧಿಕಾರಿ ಒಂದು ದೊಡ್ಡ ಗೇಟ್ ತೆಗೆಸಿದರು. ಜನ ಆಗಲೇ ತುಂಬಿದ್ದ ಕಟಕಟೆಯೊಳಗೆ ನುಗ್ಗಿದರು. ಕಾಲ್ತುಳಿತ, ಉಸಿರುಕಟ್ಟು. ಸತ್ತವರು ಒಟ್ಟು 97 ಲಿವರ್‌ಪೂಲ್ ಅಭಿಮಾನಿಗಳು. ಅಭಿಮಾನಿಗಳೇ ಗೇಟ್ ಒಡೆದು ನುಗ್ಗಿದರು ಅಂತ ಆ ಮಧ್ಯಾಹ್ನ ಹೇಳಿದ್ದೂ ಅದೇ ಅಧಿಕಾರಿ!

ನಾಲ್ಕು ದಿನದ ನಂತರ 'ದಿ ಸನ್' ಪತ್ರಿಕೆ ಮುಖಪುಟದಲ್ಲಿ 'ಸತ್ಯ' ಅನ್ನೋ ಅರ್ಥದ ದಪ್ಪ ತಲೆಬರಹ ಹಾಕಿತು. ಅಭಿಮಾನಿಗಳು ಸತ್ತವರ ಜೇಬಿಗೆ ಕೈಹಾಕಿದರು, ಜೀವ ಉಳಿಸ್ತಿದ್ದ ಪೊಲೀಸನನ್ನು ಹೊಡೆದರು ಅಂತ ಬರೆಯಿತು. ಇಲ್ಲಿ ನಿಲ್ಲಿಸಿ, ಒಂದೊಂದು ಆರೋಪದ ಪಕ್ಕದಲ್ಲೂ 'ಯಾರು ಹೇಳಿದ್ದು? ಅವರಿಗೇನು ಲಾಭ?' ಅಂತ ಬರೆಸಿ. ಹೇಳಿದವರು ಹೆಚ್ಚಾಗಿ ಹೆಸರಿಲ್ಲದ ಪೊಲೀಸರು. ತಪ್ಪು ತಮ್ಮ ಮೇಲೆ ಬರದೇ ಇರಬೇಕಾದ್ದು ಅವರಿಗೇ.

ಆದರೂ ಓದಿದವರು ಯಾಕೆ ನಂಬಿದರು? ನನಗೆ ಇದೇ ಮುಖ್ಯ ಪ್ರಶ್ನೆ ಅನ್ಸುತ್ತೆ. ಫುಟ್‌ಬಾಲ್ ಅಭಿಮಾನಿಗಳು ಅಂದರೆ ರೌಡಿಗಳು ಅನ್ನೋ ಭಾವನೆ ಆಗಲೇ ಇತ್ತು. 1985ರಲ್ಲಿ ಬ್ರಸೆಲ್ಸ್‌ನ ಹೈಸೆಲ್ ಸ್ಟೇಡಿಯಂನಲ್ಲಿ ಲಿವರ್‌ಪೂಲ್ ಅಭಿಮಾನಿಗಳು ನುಗ್ಗಿ, ಗೋಡೆ ಕುಸಿದು 39 ಜನ ಸತ್ತಿದ್ದರು. ಹಾಗಾಗಿ ಹೊಸ ಸುದ್ದಿ ಹಳೇ ಅಭಿಪ್ರಾಯಕ್ಕೆ ಸರಿಯಾಗಿ ಹೊಂದಿಕೊಂಡಿತು, ಯಾರೂ ಪುರಾವೆ ಕೇಳಲಿಲ್ಲ. ಪೊಲೀಸರ ಹೇಳಿಕೆಗಳನ್ನೇ ತಿದ್ದಲಾಗಿತ್ತು ಅಂತ ಸ್ವತಂತ್ರ ಸಮಿತಿಯ ವರದಿ ಬಂದಿದ್ದು 2012ರಲ್ಲಿ. ಅಭಿಮಾನಿಗಳ ತಪ್ಪಿಲ್ಲ ಅಂತ ಜ್ಯೂರಿ ಹೇಳಿದ್ದು 2016ರಲ್ಲಿ, ಅಂದರೆ 27 ವರ್ಷ ಆದ ಮೇಲೆ. ಲಿವರ್‌ಪೂಲ್‌ನಲ್ಲಿ ಇವತ್ತಿಗೂ ಎಷ್ಟೋ ಜನ ಆ ಪತ್ರಿಕೆ ಕೊಳ್ಳಲ್ಲ.

ಹೋಂವರ್ಕ್ ಹಗುರವಾಗಿರಲಿ. ತಮ್ಮ ಇಷ್ಟದ ಕ್ಲಬ್‌ಗೆ ದೊಡ್ಡ ಆಟಗಾರ ಬರ್ತಾನೆ ಅನ್ನೋ ಸುದ್ದಿಯೊಂದನ್ನ ತರಲಿ. 'ಮೂಲಗಳ ಪ್ರಕಾರ' ಅಂತ ಇರೋ ಕಡೆಯೆಲ್ಲ ಸುತ್ತು ಹಾಕಲಿ. ಆಟಗಾರನ ಏಜೆಂಟ್‌ಗೆ ಕಮಿಷನ್ ಸಿಗುತ್ತೆ ಅನ್ನೋದನ್ನ ನೀವು ಆಮೇಲೆ ಹೇಳಿ.