ಮೊದಲ ಆ್ಯಪ್ ಅಪ್ಪನ ಫೋನಿಗೆ

ಪುಟ್ಟಿ, ಆ್ಯಪ್ ಮಾಡುವುದನ್ನು ಕಲಿಯಬೇಕೆಂದು ಅಕ್ಕನ ಹತ್ತಿರ ಹೇಳಿದೆಯಂತೆ. ಕೇಳಿ ಖುಷಿಯಾಯಿತು. ಹದಿನೈದು ವರ್ಷದಿಂದ ಇದೇ ಕೆಲಸದಲ್ಲಿರುವ ಸೋದರಮಾವ ನಾನು, ನಾಲ್ಕು ಮಾತು ಹೇಳದಿದ್ದರೆ ಸಮಾಧಾನವಾಗದು.

ಕಾಟ್ಲಿನ್ನೋ ಫ್ಲಟರ್ರೋ ಎಂಬ ಗೊಂದಲದಲ್ಲಿ ಸೆಮಿಸ್ಟರ್ ಕಳೆಯಬೇಡ. ನಮ್ಮ ಮನೆಗಳಲ್ಲಿ ಇರುವುದೆಲ್ಲ ಆಂಡ್ರಾಯ್ಡ್ ಫೋನು, ಅದಕ್ಕೆ 2019ರಿಂದ ಗೂಗಲ್ ಕಾಟ್ಲಿನ್‌ಗೇ ಮೊದಲ ಮಣೆ ಹಾಕಿದೆ. ಅದನ್ನೇ ಹಿಡಿ. ಗೂಗಲ್‌ನವರ ಪರದೆ ಕಟ್ಟುವುದನ್ನು ಕಲಿಸುವ ಕಂಪೋಸ್ ಪಾಠಗಳು ಉಚಿತವಾಗಿ ಸಿಗುತ್ತವೆ. ಲ್ಯಾಪ್‌ಟಾಪಿನಲ್ಲಿ ಎಂಟು ಜಿಬಿ ರ‍್ಯಾಮ್ ಮಾತ್ರ ಇದ್ದರೆ ಎಮ್ಯುಲೇಟರ್ ತೆರೆದೊಡನೆ ಅದು ಏದುಸಿರು ಬಿಡುತ್ತದೆ. ಅದರ ಬದಲು ನಿನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತು, ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಯುಎಸ್‌ಬಿ ಡಿಬಗ್ಗಿಂಗ್ ಆನ್ ಮಾಡಿ ಕೇಬಲ್ ಸಿಕ್ಕಿಸಿದರೆ ನಿನ್ನ ಫೋನೇ ಪ್ರಯೋಗಶಾಲೆ.

ಲ್ಯಾಬಿನ ಕ್ಯಾಲ್ಕುಲೇಟರ್ ಪ್ರೋಗ್ರಾಮನ್ನು ಪರೀಕ್ಷೆಗಾಗಿ ಮಾಡು. ಕಲಿಯುವುದಕ್ಕೆ ಅಪ್ಪನ ಕೂಲಿ ಲೆಕ್ಕದ ಪುಸ್ತಕ ತೆಗೆದುಕೋ.

ಕೊನೆಕೊಯ್ಲಿನ ಕಾಲದಲ್ಲಿ ಆ ಪುಸ್ತಕವನ್ನು ನಾನೂ ಬರೆದಿದ್ದೇನೆ. ಯಾರು ಬಂದರು, ಮುಂಗಡ ಎಷ್ಟು, ಉಳಿದದ್ದೆಷ್ಟು. ಸುಲಭ ಅನ್ನಿಸುತ್ತದೆ. ಬಂದರು, ಬರಲಿಲ್ಲ ಎಂದು ಎರಡು ಬಟನ್ ಇಟ್ಟುಬಿಡುತ್ತೀಯ. ಆದರೆ ಮಧ್ಯಾಹ್ನ ಮಳೆ ಹಿಡಿದು ಕೆಲಸ ನಿಂತರೆ ಅರ್ಧ ದಿನದ ಕೂಲಿ ಎಲ್ಲಿ ಬರೆಯುವುದು? ಕೊನೆಗಾರನಿಗೆ ಒಂದು ದರ, ಅಡಿಕೆ ಹೆಕ್ಕುವವರಿಗೆ ಇನ್ನೊಂದು. ಮುಂಗಡ ಮುಂದಿನ ವಾರಕ್ಕೂ ಸಾಗುತ್ತದೆ. ಕೋಡ್ ಬರೆಯುವ ಮೊದಲು ಎರಡು ಸಂಜೆ ಆ ಪುಸ್ತಕದ ಮುಂದೆ ಕೂತು ಪ್ರತಿ ಗೀಟಿಗೂ ಅಪ್ಪನನ್ನು ಕಾರಣ ಕೇಳು. ತೋಟದಲ್ಲಿ ನೆಟ್‌ವರ್ಕ್ ಇಲ್ಲ, ಹಾಗಾಗಿ ಲೆಕ್ಕ ಫೋನಿನೊಳಗೇ ಉಳಿಯಬೇಕು. ಅಲ್ಲಿಗೆ ಡೇಟಾಬೇಸ್ ಕಲಿಯುವ ಅಗತ್ಯ ತಾನಾಗಿ ಬಂತು, ರೂಮ್ ಲೈಬ್ರರಿ ಬಳಸು. ಅಕ್ಷರ ಕನ್ನಡದಲ್ಲೇ ಇರಲಿ. ಅಕ್ಷರ ಕೂರುವ ಪೆಟ್ಟಿಗೆಯ ಎತ್ತರವನ್ನು ಇಂಗ್ಲಿಷ್‌ಗೆ ಅಳೆದು ಇಟ್ಟರೆ ನಮ್ಮ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ.

ಒಂದು ನೋವಿನ ಸಂಗತಿ ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಿರಾಣಿ ಅಂಗಡಿಯೊಂದಕ್ಕೆ ಉದ್ರಿ ಲೆಕ್ಕದ ಆ್ಯಪ್ ಮಾಡಿದ್ದೆ. ಪಟ್ಟಿಗೆ ಹೊಸ ಕಾಲಂ ಸೇರಿಸಬೇಕಾಗಿತ್ತು. ಹಳೆಯ ಟೇಬಲ್ ಅಳಿಸಿ ಹೊಸದು ಕಟ್ಟುವ ಮಾದರಿ ಕೋಡನ್ನು ಎಲ್ಲಿಂದಲೋ ತಂದು ಹಾಗೇ ಅಂಟಿಸಿದೆ. ಅಪ್‌ಡೇಟ್ ಆದ ಬೆಳಿಗ್ಗೆ ಅಂಗಡಿಯ ಯಜಮಾನರ ಮೂರು ತಿಂಗಳ ಉದ್ರಿ ಲೆಕ್ಕ ಮಾಯ. ಆ ಹಿರಿಯರು ಬೈಯಲಿಲ್ಲ, ನೆನಪಿದ್ದಷ್ಟನ್ನು ಚೀಟಿಯಲ್ಲಿ ಬರೆಯತೊಡಗಿದರು. ಅಂದಿನಿಂದ ಅರ್ಥವಾಗದ ಒಂದು ಸಾಲನ್ನೂ ನಾನು ಅಂಟಿಸಿಲ್ಲ. ಈಗ ಎಐ ನಿಮಿಷದಲ್ಲಿ ನೂರು ಸಾಲು ಬರೆದುಕೊಡುತ್ತದೆ. ಬರೆಸಿಕೋ, ಆದರೆ ಪ್ರತಿ ಸಾಲೂ ಏನು ಮಾಡುತ್ತದೆಂದು ಗೆಳತಿಗೆ ವಿವರಿಸಲು ಬಂದ ಮೇಲೆಯೇ ಉಳಿಸಿಕೋ. ಆ್ಯಪ್ ಕ್ರ್ಯಾಶ್ ಆದರೆ ಗಾಬರಿ ಬೇಡ, ಲಾಗ್‌ಕ್ಯಾಟಿನ ಕೆಂಪು ಸಾಲುಗಳನ್ನು ನಿಧಾನವಾಗಿ ಓದು. ತಪ್ಪಿನ ಜಾಗ ಬಹಳಷ್ಟು ಸಲ ಅಲ್ಲೇ ಇರುತ್ತದೆ.

ಪ್ಲೇ ಸ್ಟೋರ್‌ಗೆ ಅವಸರ ಬೇಡ. ಡೆವಲಪರ್ ಖಾತೆಗೆ ಒಮ್ಮೆ 25 ಡಾಲರ್ ಕಟ್ಟಬೇಕು. ಹೊಸ ವೈಯಕ್ತಿಕ ಖಾತೆಯಾದರೆ ಕನಿಷ್ಠ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕೆಂಬ ನಿಯಮವೂ ಇದೆ. ಅದಕ್ಕೆ ಹಾಸ್ಟೆಲ್ ಗೆಳತಿಯರಿದ್ದಾರೆ.

ದೀಪಾವಳಿಗೆ ಬಂದಾಗ ಅಪ್ಪನ ಫೋನಿಗೆ ಆ್ಯಪ್ ಹಾಕು. ಹಳೆಯ ಪುಸ್ತಕ ಬಿಡಿಸಬೇಡ, ಒಂದು ತಿಂಗಳು ಎರಡೂ ಜೊತೆಗೆ ನಡೆಯಲಿ, ಲೆಕ್ಕ ತಾಳೆಯಾಗುತ್ತದೋ ನೋಡು. ಅವರು ಬಳಸುವಾಗ ಪಕ್ಕದಲ್ಲಿ ಸುಮ್ಮನೆ ಕೂರು, ಏನೂ ಹೇಳಿಕೊಡಬೇಡ. ಅವರ ಬೆರಳು ಎಲ್ಲಿ ತಡವರಿಸಿತು ಎಂದು ಅಂದು ರಾತ್ರಿ ನನಗೆ ಫೋನ್ ಮಾಡಿ ಹೇಳು.