ಕೋಳಿಮರಿಗಳಲ್ಲಿ ಜ್ವರ ಮತ್ತು ತೂಕಡಿಕೆ

ಆಗತಾನೇ ಮೊಟ್ಟೆಯೊಡೆದು ಬಂದ ಮರಿಯ ಮೈಶಾಖ ಸುಮಾರು 39ರಿಂದ 40 ಡಿಗ್ರಿ ಸೆಂಟಿಗ್ರೇಡ್. ಬೆಳೆದ ಕೋಳಿಯದು 41ರಿಂದ 42. ಎರಡು ಮೂರು ವಾರ ತುಂಬುವವರೆಗೆ ಮರಿಯು ತನ್ನ ಶಾಖವನ್ನು ತಾನೇ ಪೂರ್ತಿಯಾಗಿ ಕಾಯ್ದುಕೊಳ್ಳಲಾರದು. ಆದ್ದರಿಂದಲೇ ಬ್ರೂಡರಿನಲ್ಲಿ ಮೊದಲ ವಾರ 35 ಡಿಗ್ರಿ ಶಾಖವಿಟ್ಟು, ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುವುದು ರೂಢಿ.

ಇ. ಕೋಲೈ, ಸಾಲ್ಮೊನೆಲ್ಲ ಮುಂತಾದ ರೋಗಾಣುಗಳ ಹೊರಪದರದಲ್ಲಿ ಎಂಡೋಟಾಕ್ಸಿನ್ ಎಂಬ ವಿಷವಿರುತ್ತದೆ. ಇದು ನೇರವಾಗಿ ಮೈಯನ್ನು ಬಿಸಿಮಾಡುವುದಿಲ್ಲ. ಇದರಿಂದ ಕೆರಳಿದ ರಕ್ಷಕ ಕಣಗಳು ಕೆಲವು ದ್ರವ್ಯಗಳನ್ನು ಸ್ರವಿಸುತ್ತವೆ. ಅವುಗಳ ಪ್ರಭಾವದಿಂದ ಪ್ರೊಸ್ಟಗ್ಲಾಂಡಿನ್ ಉತ್ಪತ್ತಿಯಾಗಿ, ಮೆದುಳಿನಲ್ಲಿರುವ ಶಾಖ ನಿಯಂತ್ರಣದ ಮಟ್ಟವೇ ಮೇಲೇರುತ್ತದೆ. ಆಗ ಸರಿಯಾದ ಕಾವೂ ಮರಿಗೆ ಚಳಿಯೆನಿಸುತ್ತದೆ. ಗರಿ ಕೆದರಿ, ರೆಕ್ಕೆ ಇಳಿಬಿಟ್ಟು ದೀಪದಡಿ ಮುದುರುತ್ತದೆ. ಅದೇ ದ್ರವ್ಯಗಳು ನಿದ್ದೆಯನ್ನು ಹೆಚ್ಚಿಸಿ ಮೇವಿನ ಆಸೆಯನ್ನು ತಗ್ಗಿಸುತ್ತವೆ. ವಿಷ ತೀವ್ರವಾದರೆ ಮೈಶಾಖ ಏರುವ ಬದಲು ಇಳಿಯಲೂಬಹುದು. ಮೈ ತಣ್ಣಗಿದೆಯೆಂದು ರೋಗವಿಲ್ಲವೆನ್ನಲಾಗದು.

ಆರೋಗ್ಯದ ಮರಿಗಳೂ ಆಗಾಗ್ಗೆ ನಿದ್ರಿಸುತ್ತವೆ, ಆದರೆ ಮೇವಿನ ತಟ್ಟೆ ತಟ್ಟಿದೊಡನೆ ಎದ್ದೋಡುತ್ತವೆ. ಎಲ್ಲ ಮರಿಗಳೂ ದೀಪದಡಿ ಗುಂಪುಗೂಡಿದ್ದರೆ ಮೊದಲು ಅವುಗಳ ಬೆನ್ನಿನ ಮಟ್ಟದಲ್ಲಿ ಥರ್ಮಾಮೀಟರ್ ಹಿಡಿದು ನೋಡಬೇಕು. ಕಾವು ಸರಿಯಿದ್ದೂ ಏಳದಿದ್ದರೆ, ಅಥವಾ ಉಳಿದವು ಮೇಯುವಾಗ ನಾಲ್ಕಾರು ಮಾತ್ರ ತೂಕಡಿಸಿದರೆ, ರೋಗವೆಂದೇ ಭಾವಿಸಬೇಕು. ಜ್ವರದ ಮಾತ್ರೆ ರೋಗಾಣುವನ್ನು ಕೊಲ್ಲದು. ಅಂಥ ಮರಿಗಳನ್ನು ಬೇರ್ಪಡಿಸಿ ಬೆಚ್ಚಗಿಟ್ಟು, ನೀರು ಎಟುಕುವಂತಿಡಬೇಕು. ಸತ್ತ ಮರಿಯನ್ನು ತಿಪ್ಪೆಗೆಸೆಯದೆ ಅಂದೇ ಪಶುವೈದ್ಯರಿಗೆ ತೋರಿಸಿದರೆ ರೋಗ ಯಾವುದೆಂದು ತಿಳಿದು, ಉಳಿದ ಮರಿಗಳಿಗೆ ತಕ್ಕ ಔಷಧಿ ಕೊಡಲು ಸಾಧ್ಯವಾಗುತ್ತದೆ.