ಜಡೆಯ ವಾಸನೆ ತೊಳೆದುಕೊಳ್ಳಬೇಡ

ಮಗೂ, ಸ್ಟ್ಯಾಂಡಪ್ ಕಾಮಿಡಿ ಮಾಡ್ತೀನಿ ಅಂತ ಹೊರಟಿದ್ದೀಯಂತೆ. ಸಂತೋಷ. ನಿನ್ನ ನಾಲಿಗೆ ಚುರುಕು, ಮನೆಮಂದಿಗೆಲ್ಲ ಗೊತ್ತು. ಆದರೆ ಬೀಜ ಬಿತ್ತಿದ ಮರುದಿನವೇ ಕಾಯಿ ಕೇಳುವವಳು ನೀನು. ವೇದಿಕೆ ಹತ್ತುವ ಮೊದಲು ಜೆಸ್ಸಿಕಾ ಕಿಮ್ ಬರೆದ ‘ಸ್ಟ್ಯಾಂಡ್ ಅಪ್, ಯೂಮಿ ಚಂಗ್!’ ಓದು. 2020ರಲ್ಲಿ ಬಂದ ಕಾದಂಬರಿ. ನಕ್ಕು ನಕ್ಕು ಸುಸ್ತಾಗುತ್ತೀಯ.

ಯೂಮಿಗೆ 11 ವರ್ಷ. ಕೊರಿಯಾ ಮೂಲದ ಅಪ್ಪ-ಅಮ್ಮ ಲಾಸ್ ಏಂಜಲೀಸ್‌ನಲ್ಲಿ ಬಾರ್ಬೆಕ್ಯೂ ಹೋಟೆಲ್ ಇಟ್ಟಿದ್ದಾರೆ. ವ್ಯಾಪಾರ ಕುಸಿದಿದೆ. ಮಗಳಿಗೆ ಸ್ಕಾಲರ್‌ಶಿಪ್ ಸಿಗಲಿ ಅಂತ ಬೇಸಿಗೆ ರಜೆಯಲ್ಲೂ ಟ್ಯೂಷನ್ನಿಗೆ ಅಟ್ಟುತ್ತಾರೆ. ಅವಳ ಮೈಯಿಂದ ಹೋಟೆಲಿನ ವಾಸನೆ ಬರುತ್ತದೆ ಅಂತ ಶಾಲೆಯ ಮಕ್ಕಳು ‘ಯೂ-ಮೀಟ್’ (ಮೀಟ್ ಅಂದರೆ ಮಾಂಸ) ಎಂದು ಅಣಕಿಸುತ್ತಾರೆ. ಹೊರಗೆ ಬಾಯಿ ಸತ್ತವಳು. ಒಳಗೆ, ಪಟ್ಟ ಅವಮಾನಗಳನ್ನೆಲ್ಲ ಜೋಕಾಗಿ ತಿದ್ದಿ ನೋಟ್‌ಬುಕ್ಕಿನಲ್ಲಿ ಕೂಡಿಟ್ಟವಳು.

ಓದುತ್ತಾ ನನಗೆ ಮುಂಬೈಯ ಮಾಟುಂಗ ನೆನಪಾಯಿತು. ಉಡುಪಿ ಕಡೆಯಿಂದ ಹೋದ ನಮ್ಮ ಅಪ್ಪಯ್ಯ ಅಲ್ಲಿ ಸಣ್ಣ ಹೋಟೆಲ್ ನಡೆಸುತ್ತಿದ್ದರು. ನನ್ನ ಜಡೆಗೆಲ್ಲ ವಡೆ ಕರಿದ ಎಣ್ಣೆಯ ವಾಸನೆ. ಕ್ಲಾಸಿನ ಹುಡುಗಿಯರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಾನು ಸೀಗೆಪುಡಿ ಹಚ್ಚಿ ಹಚ್ಚಿ ತಿಕ್ಕುತ್ತಿದ್ದೆ. ಒಂದು ಸಂಜೆ ಅಪ್ಪಯ್ಯ ನನ್ನ ಫೀಸಿನ ದುಡ್ಡು ಎಣಿಸಿ ಕೊಟ್ಟಾಗ ಅವರ ಮುಂಗೈ ಕಂಡಿತು. ಎಣ್ಣೆ ಸಿಡಿದು ಸುಟ್ಟ ಕಲೆಗಳು, ಮೊಣಕೈವರೆಗೂ. ಅವತ್ತಿನಿಂದ ತಿಕ್ಕುವುದು ಬಿಟ್ಟೆ.

ಇತ್ತ ಯೂಮಿಗೆ ಒಂದು ಕಾಮಿಡಿ ಶಿಬಿರ ಸಿಗುತ್ತದೆ. ಕಲಿಸುವವಳು ಅವಳು ಮೆಚ್ಚಿದ ಯೂಟ್ಯೂಬ್ ತಾರೆ. ಅಲ್ಲಿಯವರು ಇವಳನ್ನು ಕೇ ನಾಕಮುರಾ ಎಂಬ ಬೇರೊಬ್ಬ ಹುಡುಗಿ ಅಂದುಕೊಳ್ಳುತ್ತಾರೆ. ಇವಳು ‘ನಾನಲ್ಲ’ ಅನ್ನುವುದಿಲ್ಲ. ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು. ಚಪ್ಪಾಳೆಯೇನೋ ಬೀಳುತ್ತದೆ, ಆದರೆ ಕೇಯ ಲೆಕ್ಕಕ್ಕೆ. ತನ್ನ ಹೆಸರು ಹೇಳಲಾಗದವಳು ತನ್ನ ಕತೆ ಹೇಗೆ ಹೇಳಿಯಾಳು?

ಆತುರಗಾರನಿಗೆ ಬುದ್ಧಿ ಮಟ್ಟ, ಮಗೂ. ಮೊದಲು ಒಂದು ನೋಟ್‌ಬುಕ್ ತಗೋ. ಮೇಲೆ ನಿನ್ನ ಪೂರ್ತಿ ಹೆಸರು ಬರೆ. ನಾಚಿಕೆಯಾದದ್ದನ್ನು ಅವತ್ತೇ ಬರೆದಿಡು. ಹತ್ತು ಸಲ ಗಟ್ಟಿಯಾಗಿ ಹೇಳು, ನಗು ಬಾರದ ಮಾತನ್ನು ಕಿತ್ತು ಹಾಕು.

ಕೊನೆಗೊಂದು ಮಾತು. ಅಮ್ಮನ ಇಂಗ್ಲಿಷನ್ನು ಅಣಕಿಸಿ ನಗಿಸುವುದು ಸುಲಭ. ಆ ಜೋಕನ್ನು ಮೊದಲು ಅವಳೆದುರೇ ಹೇಳು, ಅಡುಗೆಮನೆಯಲ್ಲಿ. ಅವಳು ಸೌಟು ಹಿಡಿದುಕೊಂಡೇ ನಕ್ಕರೆ, ಊರಿಗೆಲ್ಲ ಹೇಳು. ಮುಖ ತಿರುಗಿಸಿ ಒಲೆ ಕಡೆ ನೋಡಿದರೆ, ಆ ಪುಟ ಹರಿದು ಹಾಕು.